ಡಬ್ಬಿ ಬೇಕೋ, ಹುರುಳಿ ಸಾಕೋ?

ಮಳೆಗಾಲದಲ್ಲಿ ನಮ್ಮ ಗುಡವಿ ಕೆರೆಯ ಹಕ್ಕಿಗಳನ್ನು ನೋಡಿ. ಮರಿಗಳಿಗೆ ಮೀನು, ಕಪ್ಪೆ, ಹುಳ ತಂದು ಕೊಡುತ್ತವೆ. ಅವುಗಳಲ್ಲಿ ಪ್ರೊಟೀನು ಇದೆ. ಅದರಿಂದ ಮರಿಗಳ ಮೈ ಬೆಳೆಯುತ್ತದೆ. ನಮಗೂ ಪ್ರೊಟೀನು ಬೇಕು.

ಎಷ್ಟು ಬೇಕು? 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ. ಬಸುರಿ, ಬಾಣಂತಿಯರಿಗೆ ಇನ್ನೂ ಹೆಚ್ಚು.

ಇದು ಊಟದಲ್ಲೇ ಸಿಗುತ್ತದೆ. 100 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಇದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಬರೀ ಅನ್ನ ಉಂಡರೆ ಸಾಲದು. ಅನ್ನದ ಕೊರತೆಯನ್ನು ಬೇಳೆಕಾಳು ತುಂಬುತ್ತದೆ. ಮೀನು ತಿನ್ನುವವರಿಗೆ ಮೀನೂ ಆಯಿತು.

ಕೆಲವು ಹುಡುಗರು ಮೈ ಬೆಳೆಸಬೇಕು ಅಂತ ಸಾವಿರಾರು ರೂಪಾಯಿ ಕೊಟ್ಟು ಪ್ರೊಟೀನ್ ಪುಡಿ ತರ್ತಾರೆ. ಬರೀ ಪುಡಿ ತಿಂದರೆ ಮೈ ಗಟ್ಟಿಯಾಗಲ್ಲ. ಕಸರತ್ತು ಬೇಕು, ಹೊಟ್ಟೆ ತುಂಬ ಊಟ ಬೇಕು. ಮೈ ಬೆಳೆಸಲು ಇಂಥ ಪುಡಿ ಬೇಡ ಅಂತ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೇಳಿದೆ. ಬಹಳ ದಿನ ಅತಿಯಾಗಿ ತಿಂದರೆ ಮೂತ್ರಪಿಂಡಕ್ಕೆ ತೊಂದರೆ ಆಗಬಹುದು.

ಹಾಗಾದರೆ ಪುಡಿ ಯಾರಿಗೆ? ಊಟ ಸೇರದ ಮುದುಕರಿಗೆ, ಕಾಯಿಲೆಯಿಂದ ಸೊರಗಿದವರಿಗೆ ಡಾಕ್ಟರು ಹೇಳಿದರೆ ತಗೊಳ್ಳೋಣ. ಹಾಲು ಒಗ್ಗದವರು ಸೋಯಾ ಪುಡಿ ಕೇಳಬೇಕು.

ಕೊಳ್ಳುವ ಮೊದಲು ಡಬ್ಬಿ ಮೇಲಿನ ಅಕ್ಷರ ಓದೋಣ. ಓದಲು ಆಗದಿದ್ದರೆ ಓದಿಸಿ ಕೇಳೋಣ. ಒಂದು ಸಲದ ಪುಡಿಯಲ್ಲಿ ಪ್ರೊಟೀನು ಎಷ್ಟು? ಸಕ್ಕರೆ ಎಷ್ಟು? 14 ಅಂಕಿಯ ಲೈಸೆನ್ಸ್ ನಂಬರು ಇದೆಯಾ? ತಾರೀಕು ಮುಗಿದಿದೆಯಾ?

ಮೊದಲು ನಮ್ಮ ತಟ್ಟೆ ನೋಡೋಣ. ಆಮೇಲೆ ಡಬ್ಬಿ.