ಕಾಲುಚೀಲದ ಕಲೆಯೂ ಆಸ್ಪತ್ರೆ ಬಿಲ್ಲೂ

ಸಂಜೆ ಆರರ ಹೊತ್ತು. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಸ್ಟ್ಯಾಂಡಿನ ಎದುರಿಗಿರುವ ಕಿರಾಣಿ ಅಂಗಡಿ ಶೆಟ್ಟರ ಬೆಂಚಿನ ಮೇಲೆ ಕೂತೆ. ಗಿರಾಕಿಗಳು ಕರಗಿದ ಮೇಲೆ ಶೆಟ್ಟರು ಮಾತು ತೆಗೆದರು.

"ಅಲ್ಲ ಸ್ವಾಮಿ, ನನ್ನ ಮಗ ಬಾಸ್ಟನ್ ಕಡೆ ಇದ್ದಾನಲ್ಲ, ಅಲ್ಲಿ ತೆರಿಗೆ ಲೆಕ್ಕ ಕೊಡುವಾಗ ಆಸ್ಪತ್ರೆ ಇನ್ಶೂರೆನ್ಸ್ ಇದೆ ಅಂತಲೂ ತೋರಿಸಬೇಕಂತೆ. ಮಾಡಿಸದೆ ಇದ್ರೆ ದಂಡವಂತೆ! ಅಮೆರಿಕ ಅಂದ್ರೆ ಅವರವರ ಪಾಡು ಅವರವರಿಗೆ ಅನ್ನೋ ದೇಶ. ಅಲ್ಲಿ ಯಾವ ಕೆಂಬಾವುಟದೋನು ತಂದ ಸ್ವಾಮಿ ಈ ಕಾನೂನ?"

"ಕೆಂಬಾವುಟದವನಲ್ಲ ಶೆಟ್ಟರೇ, ದೊಡ್ಡ ಬಂಡವಾಳದ ವ್ಯವಹಾರ ಮಾಡಿ ಬಂದ ರಿಪಬ್ಲಿಕನ್ ಪಕ್ಷದ ಗವರ್ನರು. ಅದನ್ನು ಜನಕ್ಕೆ ತಿಳಿಸಿ ಹೇಳೋದಕ್ಕೆ ಕೈ ಜೋಡಿಸಿದ್ದು ಒಂದು ಆಟದ ತಂಡ. ಮುಂದೆ ಅದೇ ಮಾದರಿ ಕಾನೂನು ಇಡೀ ದೇಶಕ್ಕೆ ಬರುವಾಗ ಹೊಸ್ತಿಲಲ್ಲಿ ಮುಗ್ಗರಿಸಿತು. ಆ ಗಲಾಟೆಯಲ್ಲೂ ಆಟದ ಅಭಿಮಾನ ಕೈಯಾಡಿಸಿತ್ತು" ಅಂದೆ.

ಶೆಟ್ಟರು ನಕ್ಕರು. "ಆಸ್ಪತ್ರೆಗೂ ಆಟಕ್ಕೂ ಏನ್ ಸಂಬಂಧ ಸ್ವಾಮಿ?"

ಸಂಬಂಧ ಇದೆ. ಬಸ್ಸು ಬರುವ ತನಕ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೆಂಪು ಕಾಲುಚೀಲ

ಬಾಸ್ಟನ್ ಊರು ಮ್ಯಾಸಚೂಸೆಟ್ಸ್ ರಾಜ್ಯದ ರಾಜಧಾನಿ. ಅಲ್ಲಿನ ಬೇಸ್‌ಬಾಲ್ ತಂಡದ ಹೆಸರು ರೆಡ್ ಸಾಕ್ಸ್, ಅಂದರೆ ಕೆಂಪು ಕಾಲುಚೀಲ. 1912ರಲ್ಲಿ ಆಟ ಶುರುವಾದ ಫೆನ್ವೇ ಪಾರ್ಕ್ ಮೈದಾನವೇ ಇವರ ಮನೆ. ನ್ಯೂಯಾರ್ಕಿನ ಯಾಂಕೀಸ್ ತಂಡ ಇವರ ಹುಟ್ಟು ವೈರಿ. ಬಾಸ್ಟನ್ನಿನಲ್ಲಿ ಒಬ್ಬನನ್ನು ಯಾಂಕೀಸ್ ಅಭಿಮಾನಿ ಅನ್ನುವುದೂ ಒಂದೇ, ಕೆನ್ನೆಗೆ ಹೊಡೆಯುವುದೂ ಒಂದೇ.

ರೆಡ್ ಸಾಕ್ಸ್ 1918ರಲ್ಲಿ ಚಾಂಪಿಯನ್ ಆಯಿತು. ಮಾರನೇ ವರ್ಷದ ಕೊನೆಗೆ ಬೇಬ್ ರೂತ್ ಎಂಬ ಮಹಾ ಆಟಗಾರನನ್ನು ಯಾಂಕೀಸಿಗೇ ಮಾರಿಕೊಂಡಿತು. ಅಲ್ಲಿಂದ 2004ರ ತನಕ, ಬರೋಬ್ಬರಿ 86 ವರ್ಷ, ಮತ್ತೆ ಚಾಂಪಿಯನ್ ಪಟ್ಟ ಕಾಣಲಿಲ್ಲ. ಅಜ್ಜ ಕಾದು ಸತ್ತ, ಅಪ್ಪ ಕಾದು ಸತ್ತ, ಮೊಮ್ಮಗ ಕಾಯುತ್ತಾ ಕೂತ.

2004ರಲ್ಲಿ ಯಾಂಕೀಸ್ ಎದುರು ಏಳು ಆಟಗಳ ಸರಣಿ. ಮೊದಲ ಮೂರೂ ಸೋಲು. ನಾಲ್ಕು ಮತ್ತು ಐದನೆಯದನ್ನು ರೆಡ್ ಸಾಕ್ಸ್ ಹೇಗೋ ಗೆದ್ದಿತು. ಅಕ್ಟೋಬರ್ 19, ಆರನೇ ಆಟ, ಅದೂ ನ್ಯೂಯಾರ್ಕಿನಲ್ಲಿ. ಚೆಂಡೆಸೆಯಲು ಬಂದವನು ಕರ್ಟ್ ಶಿಲ್ಲಿಂಗ್. ಕ್ರಿಕೆಟ್ಟಿನಲ್ಲಿ ಬೌಲರ್ ಇದ್ದ ಹಾಗೆ ಅಲ್ಲಿ ಪಿಚರ್. ಅವನ ಪಾದದ ಗಿಣ್ಣಿನ ಹತ್ತಿರ ಸ್ನಾಯುರಜ್ಜುವಿನ ಹೊದಿಕೆ ಹರಿದು ಹೋಗಿತ್ತು. ವೈದ್ಯರು ಹೊಲಿಗೆ ಹಾಕಿ ಕಳಿಸಿದ್ದರು. ಎಸೆಯುತ್ತಾ ಎಸೆಯುತ್ತಾ ಹೊಲಿಗೆಯ ಜಾಗದಿಂದ ರಕ್ತ ಜಿನುಗಿ ಕಾಲುಚೀಲ ಕೆಂಪಾಯಿತು. ಟೀವಿಯಲ್ಲಿ ದೇಶವೇ ನೋಡಿತು. ಆ ಆಟ 4-2ರಲ್ಲಿ ಗೆಲುವು, ಏಳನೆಯದೂ ಗೆಲುವು, ಕೊನೆಗೆ ಚಾಂಪಿಯನ್ ಪಟ್ಟವೂ ಬಂತು. ಆ ದಿನದಿಂದ ಬಾಸ್ಟನ್ನಿಗೆ ಶಿಲ್ಲಿಂಗ್ ಬರೀ ಆಟಗಾರನಲ್ಲ, ಮನೆದೇವರ ಪಕ್ಕದ ಪಟ.

ಈ ಹೆಸರು ನೆನಪಿಟ್ಟುಕೊಳ್ಳಿ.

ದಂಡ ಯಾಕೆ?

ಈಗ ಕಾನೂನಿಗೆ ಬರೋಣ. ಅಮೆರಿಕದಲ್ಲಿ ಆಸ್ಪತ್ರೆ ಖರ್ಚು ಸಾಮಾನ್ಯನ ಕೈಗೆ ಎಟುಕುವುದಲ್ಲ. ಕಂಪನಿಯಲ್ಲಿ ನೌಕರಿ ಇದ್ದವನಿಗೆ ಹೆಚ್ಚಾಗಿ ಕಂಪನಿಯೇ ವಿಮೆ ಮಾಡಿಸುತ್ತದೆ. 65 ದಾಟಿದವರಿಗೂ ಕಡು ಬಡವರಿಗೂ 1965ರಿಂದ ಸರ್ಕಾರದ ಯೋಜನೆಗಳಿವೆ. ಪೇಚಾಟವೆಲ್ಲ ನಡುವಿನವರದು. ಸಣ್ಣ ಅಂಗಡಿಯವನು, ಟ್ಯಾಕ್ಸಿ ಓಡಿಸುವವನು, ಕೆಲಸ ಕಳೆದುಕೊಂಡವನು. ಇವನಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದರೆ ಬಹಳಷ್ಟು ರಾಜ್ಯಗಳಲ್ಲಿ ವಿಮಾ ಕಂಪನಿ ಬಾಗಿಲು ಹಾಕುತ್ತಿತ್ತು. 2010ರ ಸುಮಾರಿಗೆ ಆ ದೇಶದಲ್ಲಿ ವಿಮೆ ಇಲ್ಲದವರು 4.5 ಕೋಟಿಗೂ ಹೆಚ್ಚು.

ಸರಿ, ಕಾಯಿಲೆ ಇದ್ದವನಿಗೂ ವಿಮೆ ಕೊಡಿ ಅಂತ ಸರ್ಕಾರ ಹುಕುಂ ಮಾಡಿದರೆ ಆಯಿತಲ್ಲ? ಆಗುವುದಿಲ್ಲ. ಅಂಗಡಿಗೆ ಬೆಂಕಿ ಬಿದ್ದ ಮೇಲೆ ಬೆಂಕಿ ವಿಮೆ ಮಾಡಿಸಬಹುದು ಅಂತಾದರೆ ಯಾವ ವ್ಯಾಪಾರಿ ಮುಂಚೆ ಕಂತು ಕಟ್ಟುತ್ತಾನೆ? ಗಟ್ಟಿಮುಟ್ಟಾದವರು ದೂರ ಉಳಿದು ಕಾಯಿಲೆಯವರೇ ಸೇರಿದರೆ ಕಂತು ಆಕಾಶಕ್ಕೇರುತ್ತದೆ. ಅದಕ್ಕೇ ಮೂರು ಕಾಲಿನ ಸ್ಟೂಲು: ಕಂಪನಿ ಯಾರನ್ನೂ ವಾಪಸ್ ಕಳಿಸುವಂತಿಲ್ಲ, ಎಲ್ಲರೂ ವಿಮೆ ಮಾಡಿಸಲೇಬೇಕು, ಕಟ್ಟಲಾರದವನಿಗೆ ಸರ್ಕಾರ ಸಹಾಯ ಮಾಡಬೇಕು. ಒಂದು ಕಾಲು ಕಿತ್ತರೂ ಸ್ಟೂಲು ಉರುಳುತ್ತದೆ.

ಮ್ಯಾಸಚೂಸೆಟ್ಸಿನಲ್ಲಿ ಈ ಕಾನೂನಿಗೆ 2006ರ ಏಪ್ರಿಲ್ 12ರಂದು ಸಹಿ ಹಾಕಿದವರು ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ. ಅದೇ ವೇದಿಕೆಯಲ್ಲಿ ನಗುನಗುತ್ತಾ ನಿಂತವರು ಡೆಮಾಕ್ರಟಿಕ್ ಪಕ್ಷದ ಹಿರಿಯ ಹುಲಿ, ಸೆನೆಟರ್ ಟೆಡ್ ಕೆನಡಿ. ಎಣ್ಣೆ ಸೀಗೇಕಾಯಿ ಒಂದೇ ತಟ್ಟೆಯಲ್ಲಿ!

ಜನಕ್ಕೆ ಹೇಳಬೇಕಲ್ಲ? 2007ರಲ್ಲಿ ಸರ್ಕಾರ ಕೈ ಹಿಡಿದದ್ದು ರೆಡ್ ಸಾಕ್ಸನ್ನು. ಯಾಕೆಂದರೆ ಗಟ್ಟಿಮುಟ್ಟಾದ ಹುಡುಗರು, ಅಂದರೆ ವಿಮೆ ಬೇಡ ಅನ್ನುವವರು, ಸಿಗುವುದು ಅಲ್ಲೇ. ವಿಮೆ ಮಾಡಿಸಿ ಅಂತ ತಂಡದ ಹೆಸರಿನಲ್ಲೇ ಪ್ರಚಾರ ನಡೆಯಿತು. ರಿಪಬ್ಲಿಕನ್ ಅಭಿಮಾನಿಯೂ ಕೇಳಿದ, ಡೆಮಾಕ್ರಟ್ ಅಭಿಮಾನಿಯೂ ಕೇಳಿದ. ಯಾರೂ ಕಾಲರ್ ಹಿಡಿಯಲಿಲ್ಲ. ಆ ವರ್ಷ ರೆಡ್ ಸಾಕ್ಸ್ ಮತ್ತೆ ಚಾಂಪಿಯನ್ ಆಯಿತು. ಮುಂದಿನ ವರ್ಷಗಳಲ್ಲಿ ಅಮೆರಿಕದಲ್ಲೇ ವಿಮೆ ಇಲ್ಲದವರು ಅತಿ ಕಡಿಮೆ ಇರುವ ರಾಜ್ಯ ಅನ್ನುವ ಹೆಸರು ಮ್ಯಾಸಚೂಸೆಟ್ಸಿಗೆ ಬಂತು.

ಚಳಿಯಲ್ಲಿ ಕೈ ಕುಲುಕುವುದೇ?

2009ರಲ್ಲಿ ಬರಾಕ್ ಒಬಾಮಾ ಅಧ್ಯಕ್ಷರಾದರು. ಇದೇ ಮೂರು ಕಾಲಿನ ಸ್ಟೂಲನ್ನು ಇಡೀ ದೇಶಕ್ಕೆ ಹಾಕಲು ಹೊರಟರು. ಮಜಾ ನೋಡಿ: 2008ರ ಚುನಾವಣೆಯಲ್ಲಿ, ಎಲ್ಲರೂ ವಿಮೆ ಮಾಡಿಸಲೇಬೇಕು ಎಂಬ ಕಡ್ಡಾಯ ಬೇಡ ಅಂತ ಹಿಲರಿ ಕ್ಲಿಂಟನ್ ವಿರುದ್ಧ ವಾದಿಸಿದ್ದವರೂ ಇದೇ ಒಬಾಮಾ. ಇತ್ತ ರಾಮ್ನಿಯವರ ಪಕ್ಷ, ಅದೇ ಕಡ್ಡಾಯವನ್ನು ಸ್ವಾತಂತ್ರ್ಯಹರಣ ಅನ್ನತೊಡಗಿತು. ಒಂದು ರಾಜ್ಯಕ್ಕೆ ಸರಿಹೊಂದಿದ್ದನ್ನು ದೇಶಕ್ಕೆಲ್ಲ ಹೊಲಿಸಬಾರದು ಅಂತ ರಾಮ್ನಿಯವರ ವಾದ. ವಾದದಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ಆದರೆ ಗ್ಯಾಲರಿಯಲ್ಲಿ ಕೂತವರು ವಾದ ಕೇಳಲಿಲ್ಲ, ಅಂಗಿಯ ಬಣ್ಣ ನೋಡಿದರು.

ಸೆನೆಟ್ಟಿನ ಪದ್ಧತಿ ಬೇರೆ. ವಿರೋಧಿಗಳು ಮಾತಾಡಿ ಮಾತಾಡಿಯೇ ಒಂದು ಮಸೂದೆಯನ್ನು ಕೊಳೆಯಿಸಬಹುದು. ಅವರ ಬಾಯಿ ಮುಚ್ಚಿಸಲು 100ರಲ್ಲಿ 60 ಓಟು ಬೇಕು. ಒಬಾಮಾ ಪಾಳಯದಲ್ಲಿ ಇದ್ದದ್ದು ಸರಿಯಾಗಿ 60. 2009ರ ಡಿಸೆಂಬರ್ 24ರಂದು ಮಸೂದೆ 60-39ರಲ್ಲಿ ಸೆನೆಟ್ ದಾಟಿತು. ಆದರೆ ಕೆಳಮನೆಯ ಮಸೂದೆ ಬೇರೆಯಾಗಿದ್ದುದರಿಂದ ಎರಡನ್ನೂ ಹೊಂದಿಸಿ ಇನ್ನೊಮ್ಮೆ ತರಬೇಕಿತ್ತು.

ಅಷ್ಟರಲ್ಲಿ, ಜೀವಮಾನವೆಲ್ಲ ಈ ಸುಧಾರಣೆಗೆ ಹೋರಾಡಿದ್ದ ಕೆನಡಿ ಕಣ್ಮುಚ್ಚಿದ್ದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಫೆನ್ವೇ ಪಾರ್ಕಿನಲ್ಲಿ ಮೊದಲ ಚೆಂಡೆಸೆದು ಋತು ಶುರು ಮಾಡಿಸಿದ್ದವರು ಆಗಸ್ಟ್ 25ಕ್ಕೆ ತೀರಿಕೊಂಡರು. ಅವರ ಜಾಗಕ್ಕೆ 2010ರ ಜನವರಿ 19ರಂದು ಉಪಚುನಾವಣೆ.

ಡೆಮಾಕ್ರಟ್ ಅಭ್ಯರ್ಥಿ ರಾಜ್ಯದ ಅಟಾರ್ನಿ ಜನರಲ್ ಮಾರ್ಥಾ ಕೋಕ್ಲಿ. ಎದುರಿಗೆ ರಿಪಬ್ಲಿಕನ್ ಸ್ಕಾಟ್ ಬ್ರೌನ್, ಹಳೇ ಪಿಕಪ್ ಗಾಡಿ ಓಡಿಸಿಕೊಂಡು ಊರೂರು ಸುತ್ತುವ ಆಸಾಮಿ. ಆ ಜನವರಿ 1ರಂದು ಫೆನ್ವೇ ಪಾರ್ಕಿನಲ್ಲೇ ಹಿಮದ ಹಾಕಿ ಪಂದ್ಯ ಇತ್ತು. ಬ್ರೌನ್ ಹೊರಗೆ ನಿಂತು ಅಭಿಮಾನಿಗಳ ಕೈ ಕುಲುಕಿದರು. ಕೋಕ್ಲಿಯವರ ಪ್ರಚಾರ ಸಪ್ಪೆ ಅಂತ ಪತ್ರಿಕೆಯವರು ಕೆಣಕಿದಾಗ, ಮತ್ತೇನು, ಚಳಿಯಲ್ಲಿ ಫೆನ್ವೇ ಮುಂದೆ ನಿಂತು ಕೈ ಕುಲುಕಬೇಕಿತ್ತೇ ಎಂಬರ್ಥದ ಮಾತಾಡಿಬಿಟ್ಟರು. ಆ ಊರಿನಲ್ಲಿ ಅದು ದೇವಸ್ಥಾನದ ಮುಂದೆ ನಿಲ್ಲುವುದು ನನ್ನ ಅಂತಸ್ತಿಗೆ ಕಡಿಮೆ ಅಂದ ಹಾಗೆ.

ಬಾಯ್ತಪ್ಪು

ಎರಡು ದಿನ ಕಳೆಯಲಿಲ್ಲ, ಇನ್ನೊಂದು. ಜನವರಿ 15ರ ರೇಡಿಯೋ ಕಾರ್ಯಕ್ರಮ. ಬ್ರೌನ್ ಪರ ಪ್ರಚಾರಕ್ಕೆ ನ್ಯೂಯಾರ್ಕಿನ ಮಾಜಿ ಮೇಯರ್ ರೂಡಿ ಜೂಲಿಯಾನಿ ಬಂದಿದ್ದರು. ಅವರು ಯಾಂಕೀಸ್ ಅಭಿಮಾನಿ ಅಂತ ಕೋಕ್ಲಿ ಚುಚ್ಚಿದರು. ಸರಿಯೇ. ಕರ್ಟ್ ಶಿಲ್ಲಿಂಗ್ ಕೂಡ ಬ್ರೌನ್ ಪರ ಇದ್ದಾನಲ್ಲ ಅಂದ ಕಾರ್ಯಕ್ರಮದವನು. ಅವನೂ ಇನ್ನೊಬ್ಬ ಯಾಂಕೀಸ್ ಅಭಿಮಾನಿ ಅಂದುಬಿಟ್ಟರು ಕೋಕ್ಲಿ! ಯಾರು, ಶಿಲ್ಲಿಂಗೇ ಅಂತ ಅವನು ಗಾಬರಿಯಿಂದ ಮತ್ತೆ ಕೇಳಿದ. ಹೌದು ಅಂದು, ಆಮೇಲೆ ತಪ್ಪಾಯಿತು ಅಂದರು. ತಮಾಷೆಗೆ ಹೇಳಿದ್ದು ಅಂತ ಅವರ ಕಡೆಯವರ ಸಮಜಾಯಿಷಿ. ಯಾರು ಕೇಳ್ತಾರೆ? ಕಾಲುಚೀಲ ರಕ್ತ ಮಾಡಿಕೊಂಡವನನ್ನು ಯಾಂಕೀಸ್ ಕಡೆಯವನು ಅಂದರಲ್ಲ, ಮುಗಿಯಿತು ಕಥೆ.

ಆ ವಾರ ಬಾಸ್ಟನ್ನಿನ ರೇಡಿಯೋದಲ್ಲಿ, ಪತ್ರಿಕೆಗಳಲ್ಲಿ, ಅಭಿಮಾನಿಗಳ ಬಾಯಲ್ಲಿ ಶಿಲ್ಲಿಂಗೇ ಶಿಲ್ಲಿಂಗು. ಸಕ್ಕರೆ ಕಾಯಿಲೆಯ ಅಂಗಡಿಯವನ ವಿಮೆ ಏನಾಗುತ್ತದೆ ಎಂಬ ಪ್ರಶ್ನೆ ಮೂಲೆಗೆ ಬಿತ್ತು.

ಬ್ರೌನ್ 52ಕ್ಕೆ 47 ಶೇಕಡಾ ಅಂತರದಲ್ಲಿ ಗೆದ್ದರು. ಬರೀ ಬಾಯ್ತಪ್ಪಿನಿಂದ ಗೆದ್ದರು ಅಂದರೆ ಸುಳ್ಳಾಗುತ್ತದೆ. ನಿರುದ್ಯೋಗ ಕಚ್ಚುತ್ತಿತ್ತು, ಮಸೂದೆಯ ಬಗ್ಗೆ ನಿಜವಾದ ಅನುಮಾನಗಳಿದ್ದವು, ನಮ್ಮಲ್ಲಿ ಆಗಲೇ ವಿಮೆ ಇದೆ, ಬೇರೆಯವರಿಗೆ ನಾವೇಕೆ ತೆರಬೇಕು ಎಂಬ ಲೆಕ್ಕಾಚಾರವಿತ್ತು. ಆದರೆ ಒಂದು ವಿಷಯ ನೆನಪಿಡಿ: ಒಬಾಮಾ ಮಸೂದೆಗೆ ಅಡ್ಡಗಾಲು ಹಾಕುತ್ತೇನೆ ಅಂತ ಗೆದ್ದ ಈ ಬ್ರೌನ್, 2006ರಲ್ಲಿ ರಾಜ್ಯ ಶಾಸನಸಭೆಯಲ್ಲಿ ರಾಮ್ನಿ ಕಾನೂನಿಗೆ ಕೈ ಎತ್ತಿದವರೇ!

60 ಹೋಗಿ 59 ಆಯಿತು. ಎರಡು ಮನೆಯ ಮಸೂದೆ ಹೊಂದಿಸುವ ದಾರಿ ಮುಚ್ಚಿತು. ಬೇರೆ ದಾರಿ ಕಾಣದೆ ಕೆಳಮನೆ, ಸೆನೆಟ್ಟಿನ ಮಸೂದೆಯನ್ನೇ ಇದ್ದ ಹಾಗೆ 2010ರ ಮಾರ್ಚ್ 21ರಂದು 219-212ರಲ್ಲಿ ಒಪ್ಪಿತು. ಕೆಲವು ತಿದ್ದುಪಡಿಗಳನ್ನು ಹಣಕಾಸಿನ ಬೇರೊಂದು ಮಸೂದೆಯಲ್ಲಿ ತುರುಕಬೇಕಾಯಿತು. ರಿಪಬ್ಲಿಕನ್ನರ ಒಂದೇ ಒಂದು ಓಟೂ ಬೀಳಲಿಲ್ಲ. ಮಾರ್ಚ್ 23ಕ್ಕೆ ಒಬಾಮಾ ಸಹಿ.

ಹೆಸರಿನ ಮಹಿಮೆ

ಕಾನೂನಿನ ನಿಜವಾದ ಹೆಸರು ಅಫರ್ಡಬಲ್ ಕೇರ್ ಆಕ್ಟ್, ಅಂದರೆ ಕೈಗೆಟುಕುವ ಚಿಕಿತ್ಸೆಯ ಕಾನೂನು. ಜನರ ಬಾಯಲ್ಲಿ ಒಬಾಮಾಕೇರ್. 2013ರಲ್ಲಿ ಸಿ.ಎನ್.ಬಿ.ಸಿ. ಟೀವಿಯವರು ಒಂದು ಪರೀಕ್ಷೆ ಮಾಡಿದರು. ಒಂದು ಗುಂಪಿಗೆ ಒಬಾಮಾಕೇರ್ ಅಂತ ಕೇಳಿದರು, ಇನ್ನೊಂದಕ್ಕೆ ಕಾನೂನಿನ ಹೆಸರು ಹೇಳಿ ಕೇಳಿದರು. ಮೊದಲ ಗುಂಪಿನಲ್ಲಿ ವಿರೋಧ 46 ಶೇಕಡಾ, ಎರಡನೆಯದರಲ್ಲಿ 37. ಮಾಲು ಒಂದೇ, ಲೇಬಲ್ ಬೇರೆ!

ಅದೇ ವರ್ಷ ರೆಡ್ ಸಾಕ್ಸ್ ಮಾದರಿಯಲ್ಲಿ ಪ್ರಚಾರಕ್ಕೆ ದೊಡ್ಡ ಕ್ರೀಡಾ ಸಂಸ್ಥೆಗಳ ನೆರವು ಪಡೆಯಲು ಒಬಾಮಾ ಸರ್ಕಾರ ನೋಡಿತು. ಕೂಡಲೇ ರಿಪಬ್ಲಿಕನ್ ಸೆನೆಟರುಗಳಾದ ಮಿಚ್ ಮೆಕಾನೆಲ್ ಮತ್ತು ಜಾನ್ ಕಾರ್ನಿನ್ ಆ ಸಂಸ್ಥೆಗಳಿಗೆ ಕಾಗದ ಬರೆದು ಹುಷಾರ್ ಅಂದರು. ಅಮೆರಿಕನ್ ಫುಟ್‌ಬಾಲ್ ಲೀಗಿನವರು ನಮಗೇಕೆ ಉಸಾಬರಿ ಅಂತ ಹಿಂದೆ ಸರಿದರು. 2007ರಲ್ಲಿ ಊರಿಗೆ ಉಪಕಾರ ಅನ್ನಿಸಿದ್ದು ಆರೇ ವರ್ಷದಲ್ಲಿ ಪಕ್ಷಪಾತ ಆಗಿತ್ತು.

ಕಾನೂನು ಮಾತ್ರ ಏಟು ತಿಂದೂ ನಿಂತಿತು. 2012ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಉಳಿಸಿತು. 2017ರ ಜುಲೈ 28ರ ನಡುರಾತ್ರಿ ಕಳೆದ ಮೇಲೆ, ಮಿದುಳಿನ ಕ್ಯಾನ್ಸರಿನಿಂದ ನರಳುತ್ತಿದ್ದ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಸ್ವಂತ ಪಕ್ಷಕ್ಕೆ ಹೆಬ್ಬೆರಳು ಕೆಳಗೆ ಮಾಡಿ ತೋರಿಸಿದಾಗ ಅದನ್ನು ಕೀಳುವ ಯತ್ನ 49-51ರಲ್ಲಿ ಬಿತ್ತು. ವಿಮೆ ಇಲ್ಲದವರಿಗೆ ಕೇಂದ್ರದ ದಂಡ 2019ರಿಂದ ಸೊನ್ನೆಯಾಯಿತು. ಮ್ಯಾಸಚೂಸೆಟ್ಸಿನ ದಂಡ ಉಳಿಯಿತು. ಶೆಟ್ಟರ ಮಗ ಹೇಳಿದ್ದು ಅದನ್ನೇ.

ಬಸ್ಸು ಬಂತು. ಶೆಟ್ಟರು ಒಂದು ನಿಮಿಷ ಸುಮ್ಮನಿದ್ದರು.

"ಆಟಕ್ಕೆ ಹೋದಾಗ ನಮ್ಮ ಟೀಮು ಅಂತ ಕೂಗಬೇಕು, ಇಲ್ಲದಿದ್ರೆ ಏನ್ ಮಜ? ಆದ್ರೆ ಸ್ವಾಮಿ, ಆಟ ಮುಗಿದ ಮೇಲೆ ಗೆದ್ದೋನೂ ಸೋತೋನೂ ಮನೆಗೆ ಹೋಗ್ತಾರೆ. ಕಾನೂನು ಸೋತ್ರೆ ಹಾಗಲ್ಲವಲ್ಲ. ಹಾಸಿಗೆ ಹಿಡಿದೋನು ಯಾವ ಟೀಮಿನೋನು ಅಂತ ಆಸ್ಪತ್ರೆ ಬಿಲ್ಲು ಕೇಳುತ್ಯೇ?"

ಕೇಳುವುದಿಲ್ಲ ಶೆಟ್ಟರೇ. ಕಾಲುಚೀಲದ ಕಲೆಯ ಮೇಲೆ ವಾರಗಟ್ಟಲೆ ಜಗಳವಾಡಿದವರಲ್ಲಿ ಎರಡೂ ಪಕ್ಷದವರಿದ್ದರು. ಅವರಿಗೂ ಎಂದಾದರೊಂದು ದಿನ ಆಸ್ಪತ್ರೆ ಬಿಲ್ಲು ಬಂದೇ ಇರುತ್ತದೆ. ಅದರಲ್ಲಿ ಅಂಗಿಯ ಬಣ್ಣಕ್ಕೆ ರಿಯಾಯಿತಿ ಇರುವುದಿಲ್ಲ.