ಹೃದಯದ ಬ್ಲಾಕ್ ಶುಂಠಿ-ಬೆಳ್ಳುಳ್ಳಿ ರಸಕ್ಕೆ ಕರಗುತ್ತದೆಯೇ?

ಫಾರ್ವರ್ಡ್‌ನಲ್ಲಿ ಏನಿದೆ?
ಶುಂಠಿ, ಬೆಳ್ಳುಳ್ಳಿ, ನಿಂಬೆರಸ, ಆಪಲ್ ಸೈಡರ್ ವಿನೆಗರ್ ಕುದಿಸಿ ಜೇನು ಬೆರೆಸಿ ಕುಡಿದರೆ ಹೃದಯದ ಎಲ್ಲಾ ಬ್ಲಾಕ್ ಕರಗುತ್ತದೆ, ಆಪರೇಷನ್ ಬೇಡವೇ ಬೇಡ!

ನಿಜವೇ?
ಅಲ್ಲ. ಈ ರಸ ಬ್ಲಾಕ್ ಕರಗಿಸುತ್ತದೆ ಎನ್ನಲು ಪುರಾವೆ ಇಲ್ಲ. ಮೇಲಾಗಿ ಎಲ್ಲಾ ಬ್ಲಾಕ್ ಒಂದೇ ಅಲ್ಲ. ಹೃದಯಾಘಾತ ತರುವುದು ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳಗಳ ಬ್ಲಾಕ್. ಇನ್ನೊಂದು, ಹೃದಯದಿಂದ ರಕ್ತ ಹೊರಹೋಗುವ ಬಾಗಿಲಿನದು. ಅಯೋರ್ಟಿಕ್ ಕವಾಟ ಎಂಬ ಈ ಬಾಗಿಲಿಗೆ ವಯಸ್ಸಾದಂತೆ ಕ್ಯಾಲ್ಸಿಯಂ ಕಟ್ಟಿ ಅದು ಬಿಗಿಯಾಗುತ್ತದೆ. ಇದನ್ನು ಕರಗಿಸುವ ಔಷಧವೇ ಇಲ್ಲ. ಬಿಗಿತ ತೀವ್ರವಾಗಿ ಲಕ್ಷಣ ಕಾಣಿಸಿದ ಮೇಲೆ ಕವಾಟ ಬದಲಿಸದಿದ್ದರೆ, ಸುಮಾರು ಅರ್ಧದಷ್ಟು ರೋಗಿಗಳು 2 ವರ್ಷದೊಳಗೆ ಸಾಯುತ್ತಾರೆ.

ಎದೆ ಸೀಳದೆ ಕವಾಟ ಹಾಕಬಹುದೇ?
ಹೌದು. ಫ್ರಾನ್ಸಿನ ರುವಾನ್ ನಗರದ ಡಾ. ಅಲಾನ್ ಕ್ರಿಬಿಯೆ 1985ರಲ್ಲಿ ಬಲೂನಿನಿಂದ ಈ ಕವಾಟ ಹಿಗ್ಗಿಸಿದರು. ಆದರೆ ಅದು ಕೆಲ ತಿಂಗಳಲ್ಲೇ ಮತ್ತೆ ಬಿಗಿಯುತ್ತಿತ್ತು. ಹಾಗಾಗಿ ಸ್ಟೆಂಟಿನೊಳಗೆ ಕವಾಟ ಹೊಲಿದು, ಮಡಚಿ, ರಕ್ತನಾಳದ ಮೂಲಕ ಕಳಿಸುವ ಯೋಚನೆ ಬಂತು. ಮೊದಲು ಕುರಿಗಳ ಮೇಲೆ ಪರೀಕ್ಷಿಸಿ, 2002ರಲ್ಲಿ ಆಪರೇಷನ್ ತಡೆಯಲಾರದ 57 ವರ್ಷದ ರೋಗಿಗೆ ಅಳವಡಿಸಿದರು. ಕವಾಟ ಕೆಲಸ ಮಾಡಿತು. ಆದರೆ ಕೆಲವು ತಿಂಗಳಲ್ಲಿ ಬೇರೆ ತೊಂದರೆಗಳಿಂದ ಆತ ತೀರಿಕೊಂಡರು.

ಒಬ್ಬ ರೋಗಿಯಿಂದ ಯಾವುದೂ ಸಾಬೀತಾಗದು. 2010ರಲ್ಲಿ ಆಪರೇಷನ್ ಸಾಧ್ಯವಿಲ್ಲದ 358 ರೋಗಿಗಳ ಅಧ್ಯಯನ ಪ್ರಕಟವಾಯಿತು. ಒಂದು ವರ್ಷದಲ್ಲಿ, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 50.7 ಮಂದಿ ಸತ್ತರೆ, ಹೊಸ ಕವಾಟ ಪಡೆದವರಲ್ಲಿ ಶೇ. 30.7. ಆದರೆ ಹೊಸ ವಿಧಾನದಲ್ಲಿ ಪಾರ್ಶ್ವವಾಯು ಹೆಚ್ಚಿತ್ತು. ಲಾಭ-ಅಪಾಯ ಎರಡನ್ನೂ ಲೆಕ್ಕ ಹಾಕುವುದೇ ಪ್ರಯೋಗ. ಇಂದು ‘ಟಾವಿ’ ಎಂಬ ಹೆಸರಿನ ಈ ಚಿಕಿತ್ಸೆ ಬೆಂಗಳೂರಿನಲ್ಲೂ ಇದೆ.

ಪ್ರಯೋಗ ಎಂದರೆ ನಮ್ಮನ್ನು ಇಲಿ ಮಾಡುವುದೇ?
ಭಾರತದಲ್ಲಿ ಇಂಥ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ, ರೋಗಿಯ ಲಿಖಿತ ಒಪ್ಪಿಗೆ, ಸಿಟಿಆರ್‌ಐ ನೋಂದಣಿ ಬೇಕು. ಯಾರಾದರೂ ‘ಹೊಸ ಚಿಕಿತ್ಸೆ’ ಎಂದರೆ ಆ ನೋಂದಣಿ ಸಂಖ್ಯೆ ಕೇಳಿ. ಸಿಟಿಆರ್‌ಐ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು.

ಯಾವಾಗ ಡಾಕ್ಟರ ಬಳಿ ಹೋಗಬೇಕು?
ಮಾವಳ್ಳಿಯಿಂದ ಲಾಲ್‌ಬಾಗಿಗೆ ವಾಕಿಂಗ್ ಹೋಗುವ ಹಿರಿಯರು ಬಂಡೆ ಹತ್ತುವಾಗ ಹಿಂದೆಂದೂ ಇಲ್ಲದ ಏದುಸಿರು, ಎದೆನೋವು, ತಲೆಸುತ್ತಿ ಬೀಳುವುದು ಕಂಡರೆ ‘ವಯಸ್ಸಾಯ್ತು’ ಎಂದು ಸುಮ್ಮನಾಗಬೇಡಿ. ಡಾಕ್ಟರು ಸ್ಟೆತಾಸ್ಕೋಪಿನಲ್ಲಿ ಶಬ್ದ ಕೇಳಿ, ಎಕೋ ಮಾಡಿಸಿದರೆ ಕವಾಟದ ಸ್ಥಿತಿ ತಿಳಿಯುತ್ತದೆ. ಇಸಿಜಿ ಒಂದೇ ಸಾಲದು.

ಶುಂಠಿ-ಬೆಳ್ಳುಳ್ಳಿ ಸಾರಿಗೆ ಹಾಕಿ, ಚೆನ್ನಾಗಿರುತ್ತದೆ. ಅದನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ, ಎಕೋ ಮುಂದೂಡಬೇಡಿ.