ಆಹಾರ, ಮಲೇರಿಯಾ ಮತ್ತು ನಮ್ಮ ಅಮಾನತ್ತು

ದೇಹವು ಅಲ್ಲಾಹನು ನಮಗೆ ವಹಿಸಿದ ಅಮಾನತ್ತು. ಹಲಾಲ್ ಆಗಿರುವುದರ ಜೊತೆಗೆ ತಯ್ಯಿಬ್, ಅಂದರೆ ಒಳ್ಳೆಯದೂ ಆದ ಆಹಾರವನ್ನು ತಿನ್ನಲು ಕುರ್‌ಆನ್ ಕಲಿಸುತ್ತದೆ. ಪಪುವಾ ನ್ಯೂಗಿನಿಯ ಎಳೆಯ ಮಕ್ಕಳಿಗೆ ವಿಟಮಿನ್ ಎ ಕೊಟ್ಟಾಗ ಮಲೇರಿಯಾ ಜ್ವರ ಸುಮಾರು ಶೇ. 30ರಷ್ಟು ಕಡಿಮೆಯಾದದ್ದು 1999ರಲ್ಲಿ ವರದಿಯಾಯಿತು.

ಆದರೆ ಮಲೇರಿಯಾ ತೀವ್ರವಾಗಿದ್ದ ಜಾಂಜಿಬಾರ್‌ನ ಪೆಂಬಾ ದ್ವೀಪದಲ್ಲಿ ಪುಟ್ಟ ಮಕ್ಕಳಿಗೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಟ್ಟಾಗ ಗಂಭೀರ ಕಾಯಿಲೆ, ಸಾವು ಹೆಚ್ಚಿದ್ದು 2006ರಲ್ಲಿ ತಿಳಿಯಿತು. ಮಲೇರಿಯಾ ರೋಗಾಣುವಿಗೂ ಬೆಳೆಯಲು ಕಬ್ಬಿಣಾಂಶ ಬೇಕು.

ಆದ್ದರಿಂದ ಜ್ವರ ಬಂದ ಮಗುವಿಗೆ ನಾವೇ ಟಾನಿಕ್ ಕುಡಿಸದೆ, ಮೊದಲು ರಕ್ತ ಪರೀಕ್ಷೆ ಮಾಡಿಸೋಣ. ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡದಿರೋಣ. ತಟ್ಟೆಯಲ್ಲಿ ಸೊಪ್ಪು, ಬೇಳೆ, ಮೊಟ್ಟೆಯಿರಲಿ. ಹಾಸಿಗೆಗೆ ಸೊಳ್ಳೆ ಪರದೆಯಿರಲಿ. ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್ ಎಂಬುದು ಪ್ರವಾದಿ(ಸ)ಯವರ ಪಾಠ.